ಇಲಿ ಊಟ ಬಿಟ್ಟಿದ್ದು ಯಾಕೆ?

ಇವತ್ತು ಒಬ್ಬ ಪಿಎಚ್‌ಡಿ ಹುಡುಗನ ಪ್ರೆಸೆಂಟೇಶನ್ ಕೇಳಿ ಬಂದೆ. ತಲೆ ಇನ್ನೂ ಬಿಸಿ ಇದೆ. ಸ್ಟ್ರೋಕ್ ಮಾಡಿಸಿದ ಇಲಿಗಳ ತೂಕ ದಿನದಿನಕ್ಕೆ ಇಳಿದ ಗ್ರಾಫ್ ತೋರಿಸಿ, "ಸ್ಟ್ರೋಕ್ ಎಷ್ಟು ಜೋರಾಗಿತ್ತು ಅಂತ ಇದರಲ್ಲೇ ಗೊತ್ತಾಗುತ್ತೆ" ಅಂದ. ಎಲ್ಲರೂ ತಲೆಯಾಡಿಸಿದರು. ನನ್ನ ಬಾಯಿ ನಿಮಗೆ ಗೊತ್ತಲ್ಲ, ಸುಮ್ನೆ ಕೂರಲಿಲ್ಲ.

ಅಯ್ಯೋ ಮಾರಾಯ, ಆ ಇಲಿಗೆ ಅಗಿಯೋಕೆ ದವಡೆಯೇ ಆಡುತ್ತಿರಲಿಲ್ಲವೇನೋ!

ಇಲಿಗೆ ಸ್ಟ್ರೋಕ್ ಮಾಡಿಸಲು ನಾವು ಮಾಡುವುದೇನು? ಕತ್ತು ಕೊಯ್ದು, ರಕ್ತನಾಳದೊಳಗೆ ನೈಲಾನ್ ಎಳೆ ತೂರಿಸಿ, ಮೆದುಳಿಗೆ ಹೋಗುವ ದೊಡ್ಡ ನಾಳದ ಬಾಯಿ ಮುಚ್ಚುತ್ತೇವೆ. 1980ರ ದಶಕದಿಂದ ನಡೆದು ಬಂದ ಪದ್ಧತಿ. ಎಳೆ ಒಳಗೆ ಹೋಗಲು ದಾರಿ ಬೇಕಲ್ಲ, ಅದಕ್ಕೆ ಕತ್ತಿನ ಕೆರೋಟಿಡ್ ರಕ್ತನಾಳದ ಹೊರಗಿನ ಕವಲನ್ನು ಕಟ್ಟಿ ಕತ್ತರಿಸುತ್ತೇವೆ. ದವಡೆಯ ಸ್ನಾಯುಗಳಿಗೂ ನಾಲಿಗೆಗೂ ರಕ್ತ ಹೋಗುವುದು ಅದರಿಂದಲೇ. ಸ್ನಾಯು ಸತ್ತರೆ ಇಲಿ ಅಗಿಯುವುದಿಲ್ಲ, ನೀರು ಕುಡಿಯುವುದೂ ಕಷ್ಟ. ಸೊರಗಿದ ಇಲಿ ಓಡಾಟದ ಪರೀಕ್ಷೆಯಲ್ಲೂ ಸೋಲುತ್ತದೆ. ನಾವು ಪೆನ್ನು ತೆಗೆದು ಬರೆಯುತ್ತೇವೆ: ಸ್ಟ್ರೋಕ್ ತೀವ್ರ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ! ಇದನ್ನೆಲ್ಲ 2003ರಲ್ಲೇ 'ಸ್ಟ್ರೋಕ್' ಪತ್ರಿಕೆಯಲ್ಲಿ ತೋರಿಸಿದ್ದಾರೆ. ಓದುವವರು ಯಾರು?

ಊಟದ ಕಥೆ ಒಂದೇ ಅಲ್ಲ. ಆ ಎಳೆ ಹೈಪೊಥಲಾಮಸ್‌ಗೆ, ಅಂದರೆ ಮೈ ಬಿಸಿಯನ್ನು ಹಿಡಿತದಲ್ಲಿಡುವ ಮೆದುಳಿನ ಭಾಗಕ್ಕೆ, ಹೋಗುವ ಕವಲನ್ನೂ ಮುಚ್ಚಿದರೆ ಇಲಿಯ ಮೈ ಸುಡುತ್ತದೆ. ಮೈ ಬಿಸಿಯಾದಷ್ಟೂ ಮೆದುಳಿನ ಗಾಯ ಜಾಸ್ತಿ. ಆಗ ಸುಮ್ನೆ ಮೈ ತಣ್ಣಗೆ ಮಾಡುವ ಔಷಧಿಯೂ ಮೆದುಳು ಉಳಿಸಿದಂತೆ ಕಾಣುತ್ತದೆ. ಇನ್ನು ಮಲಗಿಸಲು ಕೊಡುವ ಐಸೋಫ್ಲುರೇನ್ ತಾನೇ ಮೆದುಳನ್ನು ಒಂದಿಷ್ಟು ಕಾಪಾಡುತ್ತದೆ, ಅದು ಬೇರೆ ತಲೆನೋವು.

"ಶಾಮ್ ಗುಂಪು ಇದೆಯಲ್ಲ ಮೇಡಂ" ಅಂದ ಹುಡುಗ. ಶಾಮ್ ಅಂದರೆ ಸ್ಟ್ರೋಕ್ ಮಾಡಿಸದೆ, ಹೋಲಿಕೆಗೆಂದು ಆಪರೇಷನ್ ಮಾತ್ರ ಮಾಡಿದ ಇಲಿಗಳು. ಇದೆಯಪ್ಪ. ಆದರೆ ನಿನ್ನ ಶಾಮ್ ಇಲಿಗೆ ಆ ಕೆರೋಟಿಡ್ ಕವಲು ಕಟ್ಟಿದ್ದೀಯಾ, ಇಲ್ಲ ಬರೀ ಕತ್ತು ಕೊಯ್ದು ಹೊಲಿದೆಯಾ? ಕೊಯ್ದು ಹೊಲಿದೆನಂತೆ. ಸರಿಹೋಯ್ತು! ದವಡೆಗೆ ಬಿದ್ದ ಏಟು ಹೋಲಿಕೆಯಲ್ಲೇ ಇಲ್ಲ. ನಾಳ ಕಟ್ಟಿದ್ದರೂ ಪೂರ್ತಿ ಲೆಕ್ಕ ಸಿಗುತ್ತಿರಲಿಲ್ಲ. ಎಳೆ ಒಳಗೆ ಉಳಿಯದಿದ್ದರೆ ಹೈಪೊಥಲಾಮಸ್‌ಗೆ ಏಟು ಬೀಳುವುದೇ ಇಲ್ಲ.

ಎನ್‌ಎಕ್ಸ್‌ವೈ-059 ಅನ್ನೋ ಸ್ಟ್ರೋಕ್ ಔಷಧಿ ನೆನಪಿದೆಯಾ? ಇಲಿಗಳಲ್ಲಿ ಭರವಸೆ ಹುಟ್ಟಿಸಿತು, 2006ರಲ್ಲಿ ಮನುಷ್ಯರ ಮೊದಲ ದೊಡ್ಡ ಪರೀಕ್ಷೆಯಲ್ಲಿ ಗೆದ್ದಂತೆ ಕಂಡಿತು, 2007ರಲ್ಲಿ ಪ್ರಕಟವಾದ ಎರಡನೆಯದರಲ್ಲಿ ಮಕಾಡೆ ಮಲಗಿತು. ಎಲ್ಲಾ ತಪ್ಪನ್ನೂ ಈ ಎಳೆಯ ಮೇಲೆ ಹೊರಿಸುತ್ತಿಲ್ಲ ನಾನು. ಆದರೆ ನಮ್ಮ ಕತ್ತರಿ ಮಾಡಿದ ಗಾಯವನ್ನೂ ರೋಗದ ಖಾತೆಗೆ ಬರೆದುಕೊಂಡು ಔಷಧಿ ಹುಡುಕಿದರೆ ಏನು ಸಿಗುತ್ತದೆ ಹೇಳಿ?

ಆಮೇಲೆ ಹುಡುಗ ಕಾರಿಡಾರಿನಲ್ಲಿ ಸಿಕ್ಕ, ಮುಖ ಬಾಡಿತ್ತು. ಪಾಪ ಅನ್ನಿಸಿತು. ಆಹಾರ ನೆನೆಸಿ ಮೆತ್ತಗೆ ಮಾಡಿ ಪಂಜರದ ನೆಲದಲ್ಲೇ ಇಡು, ಮೈ ಬಿಸಿ ನೋಡ್ತಾ ಇರು ಅಂದೆ. "ನೀವು ಹಾಗೇ ಮಾಡ್ತಿದ್ರಾ ಮೇಡಂ?" ಅಂದ.

ಇಲ್ಲ. ಮೇಲಿನ ಜಾಲರಿಯಲ್ಲಿ ಗಟ್ಟಿ ಉಂಡೆ ತುಂಬಿಸಿ ಮನೆಗೆ ಹೋಗುತ್ತಿದ್ದೆ. ತೂಕ ಇಳಿದ ಗ್ರಾಫ್ ನನ್ನ ಥೀಸಿಸ್‌ನಲ್ಲೂ ಇದೆ. ದಯವಿಟ್ಟು ಯಾರೂ ಹುಡುಕಬೇಡಿ.