ಗಿಡ ಬೆಳೆದದ್ದು ಮಳೆಗೋ, ಯೋಜನೆಗೋ?

ನಾನಿರುವ ಆಸ್ಟ್ರೇಲಿಯಾದಲ್ಲಿ ವರ್ಷಕ್ಕೆ 1 ಲಕ್ಷ ಟನ್‌ಗಿಂತ ಹೆಚ್ಚು ಇಂಗಾಲ ಉಗುಳುವ ಘಟಕಗಳ ಮಿತಿಯನ್ನು 2023ರ ಜುಲೈಯಿಂದ ವರ್ಷಕ್ಕೆ ಶೇ. 4.9ರಂತೆ ಇಳಿಸುತ್ತಿದ್ದಾರೆ. 2 ಲಕ್ಷ ಟನ್ ಮಿತಿಯಿದ್ದ ಘಟಕಕ್ಕೆ, ಉತ್ಪಾದನೆ ಅಷ್ಟೇ ಇದ್ದರೆ, ಮೊದಲ ವರ್ಷವೇ 1,90,200 ಟನ್. ಹೊಗೆ ತಗ್ಗಲಿಲ್ಲವೇ? 9,800 ಕ್ರೆಡಿಟ್ (ಬೇರೆಡೆ ಒಂದು ಟನ್ ಇಂಗಾಲ ತಗ್ಗಿಸಿದ್ದಕ್ಕೋ ಹೀರಿಸಿದ್ದಕ್ಕೋ ಒಂದರಂತೆ ಸಿಗುವ ಪತ್ರ) ಕೊಂಡು ಸರ್ಕಾರಕ್ಕೆ ಒಪ್ಪಿಸಿದರಾಯಿತು. ಮಿತಿಯ ಶೇ. 30ನ್ನು ಮೀರಿ ಕ್ರೆಡಿಟ್ ಬಳಸಿದರೆ ಕಾರಣ ಬರೆದುಕೊಡಬೇಕು, ಅಷ್ಟೇ. ಕ್ಯಾಲಿಫೋರ್ನಿಯಾ 2021-25ರ ಅವಧಿಗೆ ಆಫ್‌ಸೆಟ್, ಅಂದರೆ ಇಂಥ ಕ್ರೆಡಿಟ್‌ಗಳ ಬಳಕೆಯನ್ನು ಶೇ. 4ಕ್ಕೆ ಕಟ್ಟಿಹಾಕಿತ್ತು. ಐರೋಪ್ಯ ಒಕ್ಕೂಟದ ಇಂಗಾಲ ಮಾರುಕಟ್ಟೆಯಂತೂ 2021ರಿಂದ ಹೊರದೇಶದ ಕ್ರೆಡಿಟ್‌ಗಳನ್ನು ಒಪ್ಪುತ್ತಲೇ ಇಲ್ಲ.

ಮಿತಿ ಸಡಿಲವಿರುವಲ್ಲಿ ಕ್ರೆಡಿಟ್‌ನ ಗುಣಮಟ್ಟವೇ ಎಲ್ಲ. ಇಲ್ಲಿ ಎಡವಟ್ಟಾದದ್ದೂ ಅಲ್ಲೇ. ಒಣನಾಡಿನಲ್ಲಿ ದನಕುರಿ ಮೇಯಿಸುವುದನ್ನು ಹತೋಟಿಗೆ ತಂದರೆ ನಾಡಗಿಡಗಳು ತಾವಾಗಿ ಕಾಡಾಗುತ್ತವೆ ಎಂಬ ವಿಧಾನಕ್ಕೆ ಧಾರಾಳವಾಗಿ ಕ್ರೆಡಿಟ್ ಸಿಕ್ಕಿತು. ಕಾಡು ಎನ್ನಿಸಿಕೊಳ್ಳಲು ಗಿಡ 2 ಮೀಟರ್ ಎತ್ತರಕ್ಕೆ ಏರಬೇಕು, ನೆರಳು ನೆಲದ ಶೇ. 20ನ್ನು ಮುಚ್ಚಬೇಕು. ಆದರೆ ಕ್ರೆಡಿಟ್ ಎಣಿಸಿದ್ದು ಮರ ಅಳೆದಲ್ಲ, ಕಂಪ್ಯೂಟರ್ ಮಾದರಿಯಿಂದ. ಅಂಥ ನೆಲದಲ್ಲಿ ಗಿಡ ಏಳುವುದೂ ಒಣಗುವುದೂ ಬಹುಪಾಲು ಮಳೆಯ ಕೈಯಲ್ಲಿ. ಒಳ್ಳೆಯ ಮಳೆ ಕೊಟ್ಟ ಹಸಿರೂ ಯೋಜನೆಯ ಖಾತೆಗೆ ಜಮೆ! ಕಾಡು ಕಡಿಯಲು ಪರವಾನಗಿ ಇಟ್ಟುಕೊಂಡು ಕಡಿಯದೆ ಬಿಟ್ಟವರಿಗೂ ಕ್ರೆಡಿಟ್ ಕೊಟ್ಟರು. ನಿಜವಾಗಿ ಕಡಿಯುತ್ತಿದ್ದವರು ಎಷ್ಟು ಮಂದಿಯೋ. ಈ ಕ್ರೆಡಿಟ್ ವ್ಯವಸ್ಥೆಯನ್ನು 2022ರಲ್ಲಿ ಪರಿಶೀಲಿಸಿದ ಚಬ್ ಸಮಿತಿ, ಕಡಿಯದೆ ಬಿಡುವ ಇಂಥ ಹೊಸ ಯೋಜನೆ ಬೇಡ ಎಂದಿತು. ಮೇವು ಹತೋಟಿಯ ವಿಧಾನ 2023ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದು ನಿಂತಿತು. ಹಳೆಯ ಯೋಜನೆಗಳು ಮಾತ್ರ ನಡೆದೇ ಇವೆ.

ಕಸದ ಗುಡ್ಡದಿಂದ ಏಳುವ ಮೀಥೇನ್ ಅನಿಲವನ್ನು ಹಿಡಿದು ಉರಿಸಿ ಪಡೆಯುವ ಕ್ರೆಡಿಟ್‌ನಲ್ಲಿ ಈ ತಂಟೆ ಕಡಿಮೆ. ಪೈಪಿಗೊಂದು ಹರಿವು ಅಳೆಯುವ ಫ್ಲೋ ಮೀಟರ್, ಮೀಥೇನ್ ಪಾಲು ಹೇಳುವ ಅನಲೈಸರ್. ಉರಿದ ಮೀಥೇನ್ ಟನ್ನುಗಳನ್ನು 28ರಿಂದ ಗುಣಿಸಿ (ಒಂದು ಟನ್ ಮೀಥೇನ್ 28 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ ಎಂಬ ಲೆಕ್ಕ), ಕಾನೂನೇ ಉರಿಸು ಎಂದಿರುವ ಪಾಲನ್ನು ಕಳೆಯಬೇಕು. ಮೀಟರಿನ ಕ್ಯಾಲಿಬ್ರೇಷನ್ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ, ನಿಜ. ಆ ತಪ್ಪನ್ನು ಹುಡುಕಿ ಹಿಡಿಯಬಹುದು.

ಭಾರತ 2023ರ ಜೂನ್‌ನಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆ ಹೊರಡಿಸಿ, ಡಿಸೆಂಬರ್‌ನಲ್ಲಿ ಆಫ್‌ಸೆಟ್ ದಾರಿಯನ್ನೂ ಸೇರಿಸಿತು. ಅಲ್ಲಿ ಕಾರ್ಖಾನೆಗೆ ಗುರಿ ಇರುವುದು ಟನ್ ಉತ್ಪನ್ನಕ್ಕೆ ಇಷ್ಟು ಎಂದು. ಉತ್ಪಾದನೆ ಏರಿದರೆ ಒಟ್ಟು ಹೊಗೆಯೂ ಏರಬಹುದು. ಇದಕ್ಕೆ ಅಗ್ಗದ ಕಾಡಿನ ಕ್ರೆಡಿಟ್ ಬೆರೆಸಿದರೆ ಗುರಿ ಇನ್ನಷ್ಟು ಜಾಳಾಗುತ್ತದೆ. ಆದ್ದರಿಂದ ಮೀಟರ್ ಇರುವ ಯೋಜನೆಗಳು ಮೊದಲು ಬರಲಿ. ಕಾಡಿಗೆ ಹಣ ಬೇಕು, ಕೊಡಲಿ, ಆದರೆ ಬೇರೆ ಖಾತೆಯಿಂದ. ಆಸ್ಟ್ರೇಲಿಯಾದಲ್ಲಿ ಶೇ. 20ರಷ್ಟು ಕ್ರೆಡಿಟ್ ಬಿಟ್ಟುಕೊಟ್ಟರೆ ಕಾಡನ್ನು 25 ವರ್ಷ ಕಾದರೆ ಸಾಕು. 26ನೇ ವರ್ಷ ಅದನ್ನು ಕಡಿದರೂ ಕ್ರೆಡಿಟ್ ಹಿಂದಿರುಗಿಸಬೇಕಿಲ್ಲ.