ಮುನಿಸಿಕೊಂಡ ಹವಳಕ್ಕೆ ಮದ್ದೇನು?

ಮನೆಯ ಉಪ್ಪುನೀರಿನ ಗಾಜಿನ ಟ್ಯಾಂಕಿನಲ್ಲಿ ಹವಳ ಸಾಕಿದ್ದೇನೆ. ಹವಳ ಒಂದು ಪ್ರಾಣಿ ಅಂದರೆ ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಪೂರ್ತಿ ನಂಬಿಲ್ಲ. ಪ್ರಾಣಿಯಾದರೆ ಮುಖ ಎಲ್ಲಿ, ಬಾಲ ಎಲ್ಲಿ ಅಂತ ಕೇಳುತ್ತಾರೆ. ಬಾಯಿಯಂತೂ ಇದೆ, ಗಾಜಿಗೆ ಮೂಗು ಒತ್ತಿಸಿ ತೋರಿಸಿದ್ದೇನೆ. ಆ ಬಾಯಿಂದ ಒಂದು ಮಾತೂ ಬರುವುದಿಲ್ಲ ಅನ್ನುವುದೇ ಎಲ್ಲ ತಾಪತ್ರಯಕ್ಕೂ ಮೂಲ. ಮೀನಿಗೆ ಹುಷಾರಿಲ್ಲದಿದ್ದರೆ ಊಟ ಬಿಡುತ್ತದೆ, ಮೂಲೆ ಹಿಡಿಯುತ್ತದೆ. ಹವಳ ಚೆನ್ನಾಗಿದ್ದಾಗಲೂ ಕೂತಲ್ಲೇ ಕೂತಿರುತ್ತದೆ, ಸಾಯುವಾಗಲೂ ಕೂತಲ್ಲೇ ಕೂತಿರುತ್ತದೆ.

ಅರಳುವುದು, ಮುದುಡುವುದು, ಬಿಳಿಚುವುದು, ಕಂದುವುದು, ಸುಲಿಯುವುದು: ಅದಕ್ಕೆ ಬರುವ ಭಾಷೆ ಇಷ್ಟೇ. ಬಿಳಿಚಿಕೊಂಡರೆ ಬೆಳಕು ಜಾಸ್ತಿಯಾಗಿರಬಹುದು, ನೀರು ಬಿಸಿಯಾಗಿರಬಹುದು, ಇಲ್ಲವೇ ನೀರು ಅತಿ ಚೊಕ್ಕಟವಾಗಿರಬಹುದು. ಹೌದು, ಅದೂ ಒಂದು ಕಾಯಿಲೆ! ನೀರಿನಲ್ಲಿರುವ ಪೋಷಕಾಂಶಗಳಾದ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗಿಳಿದರೆ ಹವಳ ಸೊರಗುತ್ತದೆ. ವಿಪರೀತ ಏರಿದರೆ ಕಂದುಬಣ್ಣಕ್ಕೆ ತಿರುಗುತ್ತದೆ. ಅದರ ಮೈಯೊಳಗೆ ಝೂಝಾಂಥೆಲೆ ಅನ್ನುವ ಸೂಕ್ಷ್ಮ ಪಾಚಿ ಇರುತ್ತದೆ. ಬೆಳಕಿನಿಂದ ಆಹಾರ ತಯಾರಿಸಿ ಹವಳವನ್ನು ಸಾಕುವುದು ಅದೇ. ಕಷ್ಟ ಬಂದ ಕೂಡಲೇ ಹವಳ ಮಾಡುವ ಮೊದಲ ಕೆಲಸ ಈ ಅನ್ನದಾತನನ್ನೇ ಹೊರಗಟ್ಟುವುದು. ಆಮೇಲೆ ಮೈ ಪಾರದರ್ಶಕವಾಗಿ ಒಳಗಿನ ಬಿಳಿ ಸುಣ್ಣದ ಗೂಡು ಕಾಣಿಸುತ್ತದೆ. ಬ್ಲೀಚಿಂಗ್ ಅನ್ನುವುದು ಇದಕ್ಕೇ. ಹಾಗಂತ ಸತ್ತಿದೆ ಅಂತಲ್ಲ, ಉಪವಾಸ ಬಿದ್ದಿದೆ ಅಷ್ಟೇ. ಬಿಳಿಯ ಮೇಲೆ ತೆಳ್ಳಗೆ ಮಿನುಗುವ ಪೊರೆ ಉಳಿದಿದ್ದರೆ ಆಸೆ ಇಟ್ಟುಕೊಳ್ಳಬಹುದು. ಗೂಡಿನ ಅಂಚುಗಳು ಚೂಪಾಗಿ, ಒರಟಾಗಿ ಕಂಡು, ಅದರ ಮೇಲೆ ಹಸಿರು ಪಾಚಿ ಹತ್ತಿಕೊಳ್ಳತೊಡಗಿದರೆ ಆ ಜಾಗದ ಆಸೆ ಬಿಡಬೇಕು.

ಇನ್ನು ಪರೀಕ್ಷೆಗಳ ಸಂಭ್ರಮ. ಸಿರಿಂಜಿನಿಂದ ನೀರು ಎಳೆದು ಪುಟ್ಟ ಗಾಜಿನ ಶೀಶೆಗೆ ಹಾಕಿ, ಅಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಅಳೆಯುವ ದ್ರಾವಣವನ್ನು ಒಂದೊಂದೇ ಹನಿ ಬಿಟ್ಟು ಅಲ್ಲಾಡಿಸಬೇಕು. ನೀಲಿ ಹೋಗಿ ಗುಲಾಬಿ ಬಂದ ಹನಿಗೆ ನಿಲ್ಲಿಸಬೇಕು. ಆದರೆ ಅದು ಗುಲಾಬಿಯೇ ಅನ್ನುವುದನ್ನು ತೀರ್ಮಾನಿಸುವವರು ಯಾರು? ನನಗೆ ಗುಲಾಬಿಯಾಗಿ ಕಂಡದ್ದು ಹೆಂಡತಿಗೆ ನೇರಳೆ. "ಇನ್ನೊಂದು ಹನಿ ಹಾಕಿ, ಏನಾಗಲ್ಲ" ಅಂದಳು. ಮಗಳು ಬಂದು, "ಅಪ್ಪ, ಮೊದಲು ಆ ಟ್ಯಾಂಕಿನ ಲೈಟ್ ಹತ್ತಿರದಿಂದ ಈಚೆ ಬಾ. ಅಲ್ಲಿ ನಿನ್ನ ಹಲ್ಲೂ ನೀಲಿಯಾಗೇ ಕಾಣ್ತಿದೆ" ಅಂದಳು. ನ್ಯಾಯವಾದ ಮಾತು. ನೀಲಿ ಬೆಳಕಿನಲ್ಲಿ ಯಾವ ಟೆಸ್ಟ್ ಕಿಟ್‌ನ ಬಣ್ಣವನ್ನೂ ನಂಬಬಾರದು. ಕಿಟಕಿಗೆ ಹೋಗಿ ನೋಡಿದರೆ 8.5 ಡಿಕೆಎಚ್ (ಅಲ್ಕಲಿನಿಟಿಯ ಅಳತೆ), ಅಂದರೆ ಏನೂ ತಪ್ಪಿಲ್ಲ. ಏನೂ ತಪ್ಪಿಲ್ಲ ಅಂತ ಗೊತ್ತಾದಾಗ ಆಗುವಷ್ಟು ನಿರಾಸೆ ಬೇರೆ ಯಾವುದಕ್ಕೂ ಆಗುವುದಿಲ್ಲ. ತಪ್ಪು ಸಿಕ್ಕಿದ್ದರೆ ಸರಿಪಡಿಸಬಹುದಿತ್ತಲ್ಲ! ಅದನ್ನೂ ಒಂದೇ ಏಟಿಗೆ ಸರಿಪಡಿಸುವ ಹಾಗಿಲ್ಲ ಅನ್ನಿ. ದಿನಕ್ಕೆ 1 ಡಿಕೆಎಚ್‌ಗಿಂತ ಹೆಚ್ಚು ಏರಿಳಿಸಿದರೆ ರೋಗಕ್ಕಿಂತ ಮದ್ದೇ ಕೊಂದೀತು.

ಅಮ್ಮನ ತಕರಾರು ಬೇರೆ. ಟ್ಯಾಂಕಿನಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಹಾಗಾಗಿ ದಿನಾ ಕಡಿಮೆಯಾದಷ್ಟಕ್ಕೆ ಉಪ್ಪಿಲ್ಲದ ಆರ್‌ಓ ನೀರನ್ನೇ ತುಂಬಿಸಬೇಕು. ಉಪ್ಪಿನ ಪ್ರಮಾಣ ತೋರಿಸುವ ಸಾಪೇಕ್ಷ ಸಾಂದ್ರತೆ 1.026ರ ಆಸುಪಾಸು ನಿಲ್ಲುವುದು ಹಾಗೆಯೇ. "ಸಮುದ್ರದ ಜೀವಕ್ಕೆ ದಿನಾ ಸಪ್ಪೆ ನೀರು ಕೊಟ್ಟರೆ ಮುನಿಸಿಕೊಳ್ಳದೆ ಇನ್ನೇನು ಮಾಡುತ್ತೆ ಪಾಪ" ಅಂತ ಅಮ್ಮ ಬಂದವರ ಮುಂದೆಲ್ಲ ಮರುಗುತ್ತಾಳೆ. ಬಂದವರೂ ನನ್ನನ್ನು ಒಂದು ಥರಾ ನೋಡುತ್ತಾರೆ.

ಇದರ ನಡುವೆ ಲೆದರ್ ಕೋರಲ್ ಅನ್ನುವ ತೊಗಲಿನಂಥ ಮೆತ್ತನೆಯ ಹವಳ ಕೈಕಾಲು ಮಡಚಿ ಮಳೆ ನಿಂತ ಮೇಲಿನ ಕೊಡೆಯ ಹಾಗೆ ಮುದುರಿಕೊಂಡಿತು. ಪಾಲಿಪ್‌ಗಳೆಲ್ಲ (ಹವಳದ ಮೈಮೇಲಿನ ಪುಟ್ಟ ಹೂವಿನಂಥ ಬಾಯಿಗಳು) ಒಳಗೆ, ಮೈಮೇಲೆ ಮೇಣ ಬಳಿದಂಥ ಮಂಕು ಹೊಳಪು. ಮನೆಯವರೆಲ್ಲ ವೈದ್ಯರಾದರು. ಮಗಳು ಪಂಪಿನ ಮೂತಿಯನ್ನು ಅದರ ಕಡೆ ತಿರುಗಿಸಿದಳು. ಹೆಂಡತಿ ಎರಡು ಹೊತ್ತು ಲೈಟ್ ತಗ್ಗಿಸಿದಳು. ಅಮ್ಮ ಅದರ ಮುಂದೆ ಕುರ್ಚಿ ಹಾಕಿಕೊಂಡು ಮಾತಾಡಿಸಿದಳು. ಒಂದು ಬೆಳಿಗ್ಗೆ ಆ ಮೇಣದ ಪದರ ಚಿಂದಿ ಚಿಂದಿಯಾಗಿ ಕಳಚಿ ನೀರಿನಲ್ಲಿ ತೇಲಿತು, ಹವಳ ಮೊದಲಿಗಿಂತ ಅಗಲವಾಗಿ ಅರಳಿತು. ಲೆದರ್ ಜಾತಿ ಆಗಾಗ ಹೀಗೆ ಹಳೆಯ ಪೊರೆ ಬಿಡುವುದು ಸಹಜ, ಯಾರ ಕೈಗುಣವೂ ಬೇಕಿಲ್ಲ. ನೀರಿನ ಹರಿವು ಜೋರಾದರೆ ಪೊರೆ ಬೇಗ ಉದುರುತ್ತದೆ, ಆ ಲೆಕ್ಕದಲ್ಲಿ ಮಗಳಿಗೆ ಸ್ವಲ್ಪ ಪಾಲು ಸಲ್ಲಬೇಕು. ಅಮ್ಮ ಮಾತ್ರ ಪೂರ್ತಿ ಪಾಲು ತೆಗೆದುಕೊಂಡಿದ್ದಾಳೆ.

ನನ್ನ ಅನುಭವದಲ್ಲಿ ಕಿಟ್‌ಗಳಿಗಿಂತ ಹೆಚ್ಚು ಹೇಳುವುದು ಎಲ್ಲಿ ಕೆಟ್ಟಿದೆ ಅನ್ನುವ ಗುರುತು. ಎಲ್ಲ ಹವಳಗಳೂ ಒಟ್ಟಿಗೆ ಮುದುಡಿದರೆ ನೀರನ್ನು ಅನುಮಾನಿಸಬೇಕು. ಬೆಳಕಿಗೆ ಎದುರಾದ ಮೇಲ್ಭಾಗ ಮಾತ್ರ ಬಿಳಿಚಿದರೆ ಲೈಟನ್ನು. ಒಂದೇ ಹವಳದ ಒಂದೇ ಮಗ್ಗುಲು ಸೊರಗಿದರೆ ನೆರೆಮನೆಯವರನ್ನು. ನಮ್ಮ ಹ್ಯಾಮರ್ ಕೋರಲ್‌ಗೆ ಆದದ್ದು ಈ ಮೂರನೆಯದು: ಎಡಭಾಗ ಮುದುಡಿ ಬಲಭಾಗ ನಗುನಗುತ್ತಿತ್ತು. ಪಕ್ಕದಲ್ಲಿ ಗ್ಯಾಲಕ್ಸಿಯಾ ಅನ್ನುವ ಇನ್ನೊಂದು ಹವಳ ಇದೆ. ನೋಡಲು ಹೂವಿನ ಪುಟ್ಟ ಗೊಂಚಲು, ಕತ್ತಲಾದರೆ ಉದ್ದುದ್ದ ಕುಟುಕುವ ಎಳೆಗಳನ್ನು ಹೊರಬಿಟ್ಟು ಅಕ್ಕಪಕ್ಕದವರನ್ನು ಸುಡುವ ಜಾತಿ. ಟಾರ್ಚಿಗೆ ಕೆಂಪು ಹಾಳೆ ಸುತ್ತಿ ಅಪರಾತ್ರಿಯಲ್ಲಿ ಕಾವಲು ಕೂತೆ. ಎಳೆಗಳು ಬಂದವು ನಿಜ, ಆದರೆ ಹ್ಯಾಮರ್‌ವರೆಗೆ ಮುಟ್ಟಲಿಲ್ಲ. ನೀರು ಕುಡಿಯಲು ಎದ್ದ ಹೆಂಡತಿ, "ಏನ್ರೀ ಇದು, ಕತ್ತಲಲ್ಲಿ ಕೆಂಪು ಕೆಂಪಾಗಿ ಕೂತಿದ್ದೀರಲ್ಲ!" ಅಂತ ಕಿರುಚಿದ್ದಕ್ಕೆ ಇಡೀ ಮನೆಗೆ ಎಚ್ಚರವಾಯಿತು.

ಅಪರಾಧಿ ಸಿಕ್ಕಿದ್ದು ಹಾಡಹಗಲಲ್ಲೇ. ಕ್ಲೌನ್ ಮೀನು ಮನೆ ಮಾಡಿಕೊಳ್ಳುವುದು ಎನಿಮೋನ್ ಅನ್ನುವ ಕಡಲ ಜೀವಿಯ ಎಳೆಗಳ ನಡುವೆ. ಟ್ಯಾಂಕಿನಲ್ಲಿ ಎನಿಮೋನ್ ಇಲ್ಲದ್ದರಿಂದ ನಮ್ಮ ಕ್ಲೌನ್ ಮೀನು ಈ ಹ್ಯಾಮರನ್ನೇ ಎನಿಮೋನ್ ಅಂತ ಮನಸಾರೆ ಒಪ್ಪಿಕೊಂಡುಬಿಟ್ಟಿತ್ತು. ಬೆಳಗಿನಿಂದ ಸಂಜೆವರೆಗೆ ಎಡಮಗ್ಗುಲಿಗೆ ನುಗ್ಗಿ, ಮೈ ಉಜ್ಜಿ, ಹೊರಳಾಡಿ, ಮತ್ತೆ ನುಗ್ಗುತ್ತಿತ್ತು. ಅಷ್ಟು ಪ್ರೀತಿಯನ್ನು ಯಾವ ಹವಳ ತಡೆದುಕೊಂಡೀತು? ಇದಕ್ಕೆ ಟೆಸ್ಟ್ ಕಿಟ್ ಇಲ್ಲ. ಹವಳವನ್ನು ಜಾಗ ಬದಲಿಸಲು ಕೈ ಹಾಕಿದರೆ ಆ ಮೀನು ಬೆರಳು ಕಚ್ಚಿತು. ಹೇಗೋ ಎತ್ತಿ, ಚಿಕ್ಕ ಪ್ಲಾಸ್ಟಿಕ್ ಜಾಲರಿಯೊಳಗೆ ಬೇರೆ ಮೂಲೆಯಲ್ಲಿ ಕೂರಿಸಿದ ಮೇಲೆ ಎಡಭಾಗವೂ ನಿಧಾನಕ್ಕೆ ಅರಳಿತು. ಕ್ಲೌನ್ ಮಹಾಶಯ ಸ್ವಲ್ಪ ದಿನ ಅನಾಥನಾಗಿ ಅಲೆದು, ಕೊನೆಗೆ ಥರ್ಮಾಮೀಟರನ್ನು ಆರಿಸಿಕೊಂಡಿದ್ದಾನೆ. ರಾತ್ರಿ ಅದನ್ನೇ ಒರಗಿ ಮಲಗುತ್ತಾನೆ, ಹಗಲು ಅದರ ಹತ್ತಿರ ಯಾರನ್ನೂ ಬಿಡುವುದಿಲ್ಲ. ಹೀಗಾಗಿ ಟ್ಯಾಂಕಿನ ಉಷ್ಣಾಂಶ ಎಷ್ಟು ಅಂತ ಈಗ ಅವನಿಗೆ ಮಾತ್ರ ಗೊತ್ತು.