ಅಮ್ಮನಿಗೊಂದು ಮಡಕೆ, ಅಪ್ಪನಿಗೊಂದು ಮಡಕೆ

ತೊಂಬತ್ತರ ದಶಕದಲ್ಲಿ ಅಂಗಡಿ ಸ್ಟೀರಿಯೋಗಳ ಮೇಲೆ ‘1000 ವ್ಯಾಟ್ ಪಿಎಂಪಿಒ’ (ಕ್ಷಣಮಾತ್ರದ ಗರಿಷ್ಠ ಶಕ್ತಿ ಅಂತ ಕಂಪನಿಯವರು ಹೇಳಿಕೊಳ್ಳೋ ಅಂಕಿ) ಅಂತ ಮಿಂಚೋ ಸ್ಟಿಕ್ಕರ್ ಇರುತ್ತಿತ್ತು, ನೆನಪಿದೆಯಾ? 1000 ವ್ಯಾಟ್ ಅಂದರೆ ಒಂದು ಇಸ್ತ್ರಿಪೆಟ್ಟಿಗೆ ಎಳೆಯುವಷ್ಟು ಕರೆಂಟು. ಆ ಸೆಟ್ಟಿನ ವೈರೋ, ಶಾವಿಗೆ ಎಳೆಯಷ್ಟು ದಪ್ಪ. ಆದರೂ ಜನ ನಂಬುತ್ತಿದ್ದರು, ಪಕ್ಕದ ಮನೆಯವರದ್ದು 800 ಆದರೆ ನಮ್ಮದು 1000 ಅಂತ.

ತುಮಕೂರಿನ ನಮ್ಮ ಬಾಡಿಗೆ ಮನೆಗೆ ಬಂದ ಮೊದಲ ಸೆಟ್ಟಿಗೆ ಸ್ಟಿಕ್ಕರೇ ಇರಲಿಲ್ಲ. ಡಿಪ್ಲೊಮಾ ಓದುತ್ತಿದ್ದ ಮಾವ ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಡಿ ಸಾಮಾನು ತಂದು ಜೋಡಿಸಿದ್ದು. ಒಳಗಿದ್ದದ್ದು ಎಲ್‌ಎ 4440 ಅನ್ನೋ ಐಸಿ, ಅಂದರೆ ಸದ್ದು ದೊಡ್ಡದು ಮಾಡೋ ಪುಟ್ಟ ಚಿಪ್ಪು. ಎಡಕ್ಕೆ 6 ವ್ಯಾಟ್, ಬಲಕ್ಕೆ 6 ವ್ಯಾಟ್, ಅಷ್ಟೇ. ಒಂದು ಮನೆಗೆ ಅದೇ ಜಾಸ್ತಿ.

ಮರದ ಬಾಕ್ಸ್ ಮಾಡಿಸೋಕೆ ದುಡ್ಡು ಸಾಲದೆ ಸ್ಪೀಕರುಗಳನ್ನು ಮಾವ ಎರಡು ಮಣ್ಣಿನ ಮಡಕೆಗಳ ಬಾಯಿಗೆ ಕೂರಿಸಿದರು. ನಗಬೇಡಿ, ಇದರಲ್ಲಿ ಲೆಕ್ಕಾಚಾರ ಇದೆ. ಸ್ಪೀಕರಿನ ಕೋನ್ ಮುಂದಿನ ಗಾಳಿಯನ್ನು ತಳ್ಳುವಾಗ ಹಿಂದಿನದನ್ನು ಎಳೆಯುತ್ತದೆ. ಸುಮ್ನೆ ಮೇಜಿನ ಮೇಲಿಟ್ಟರೆ ಮುಂದಿನ ಅಲೆಯೂ ಹಿಂದಿನ ಅಲೆಯೂ ಒಂದನ್ನೊಂದು ನುಂಗಿಕೊಂಡು ಬೇಸ್ ಮಾಯವಾಗುತ್ತದೆ. ಮಡಕೆ ಹಿಂದಿನದನ್ನು ಒಳಗೇ ಕೂಡಿಹಾಕುತ್ತದೆ, ತೆಳು ಪ್ಲೈವುಡ್ಡಿನಂತೆ ಅದುರುವುದೂ ಇಲ್ಲ. ಮೃದಂಗದ ಎಡಭಾಗದ ಗುಮ್ಮೆನ್ನುವ ನಾದ, ಗುಮ್ಕಿ, ಆ ಮಡಕೆಯಲ್ಲಿ ಕೇಳಿದಂತೆ ನಾನು ಆಮೇಲೆ ಕೊಂಡ ಯಾವ ಪೆಟ್ಟಿಗೆಯಲ್ಲೂ ಕೇಳಿಲ್ಲ.

ಎಲ್ಲ ಸಿದ್ಧವಾಗಿ, ಮಡಕೆಗಳಿಗೆ ಅರಿಶಿನ ಕುಂಕುಮವೂ ಆದ ಮೇಲೆ ಅಮ್ಮ ಬಾಯಿಬಿಟ್ಟರು. “ಎರಡೂ ಹಾಲಲ್ಲೇ ಯಾಕೋ? ಒಂದನ್ನ ಅಡುಗೆಮನೆಗೆ ಹಾಕು.” ಮಾವ ಎಷ್ಟು ಹೇಳಿದರೂ ಕೇಳಲಿಲ್ಲ. ಹೀಗೆ ಬಲಗಡೆಯ ಮಡಕೆ ಹಾಲಿನ ಬೀರು ಮೇಲೆ, ಎಡಗಡೆಯದ್ದು ಗೋಡೆಯುದ್ದಕ್ಕೂ ವೈರು ಎಳೆದು ಉಪ್ಪಿನಕಾಯಿ ಜಾಡಿ ಪಕ್ಕ.

ಸ್ಟೀರಿಯೋದಲ್ಲಿ ಹಾಡುವವರ ದನಿ ಸಾಮಾನ್ಯವಾಗಿ ಎರಡೂ ಕಡೆಗೆ ಸಮ. ವಾದ್ಯಗಳು ಮಾತ್ರ ಪಾಲಾಗುತ್ತವೆ. ಅಪ್ಪನ ಪಾಲಿಗೆ ಪಿಟೀಲು ಬಂತು, ಅಮ್ಮನಿಗೆ ಕೊಳಲು. ರೆಕಾರ್ಡಿಂಗ್ ಸೆಂಟರಿಗೆ ಪಟ್ಟಿ ಕೊಟ್ಟು 90 ನಿಮಿಷದ ಕ್ಯಾಸೆಟ್ಟಿಗೆ ತುಂಬಿಸಿಕೊಂಡ ಅದೇ ಹಾಡುಗಳು, ಗುನುಗುವಾಗ ಮಾತ್ರ ಇಬ್ಬರದ್ದೂ ಬೇರೆ ಬೇರೆ.

“ಆ ಹಾಡಲ್ಲಿ ಕೊಳಲೇ ಇಲ್ಲ ಕಣೇ.”

“ಇದೆ ರೀ, ನಿಮಗೆ ಕೇಳ್ಸಲ್ಲ ಅಷ್ಟೆ.”

ಎರಡೂ ಸ್ಪೀಕರಿಗೆ ಒಂದೇ ಸದ್ದು ಹೋಗೋ ಹಳೇ ಮೋನೋ ಹಾಡುಗಳು ಬಂದಾಗ ಮಾತ್ರ ಮನೆಯಲ್ಲಿ ಒಮ್ಮತ.

ಪರೀಕ್ಷೆ ಹತ್ತಿರ ಬಂದರೆ ಬ್ಯಾಲೆನ್ಸ್ ನಾಬ್ ಪೂರ್ತಿ ಎಡಕ್ಕೆ ತಿರುಗುತ್ತಿತ್ತು. ಹಾಲು ಗಪ್‌ಚುಪ್, ಅಡುಗೆಮನೆಯಲ್ಲಿ ಸಂಗೀತ. ಅಲ್ಲೇ ಕೂತು ಓದ್ತೀನಿ ಅಂತ ಪುಸ್ತಕ ಹಿಡಿದು ಹೋದರೆ ಕಾಯಿ ತುರಿಯೋ ಕೆಲಸ ಬೀಳುತ್ತಿತ್ತು.

ಒಮ್ಮೆ ಯೋಚಿಸಿದರೆ ತಪ್ಪು ಅಮ್ಮನದ್ದಲ್ಲ ಬಿಡಿ. ಸ್ಟೀರಿಯೋ ಸರಿಯಾಗಿ ಕೇಳಬೇಕಾದರೆ ಎರಡು ಸ್ಪೀಕರುಗಳಿಗೂ ಸಮದೂರದಲ್ಲಿ ಒಬ್ಬರು ಕೂತಿರಬೇಕು, ಬೇರೇನೂ ಮಾಡದೆ. ನಮ್ಮ ಮನೆಯ ನಟ್ಟನಡುವೆ ಜಾಗ ಇದ್ದಿದ್ದರೆ ಅಲ್ಲಿ ಯಾರಾದರೂ ಸೊಪ್ಪು ಬಿಡಿಸುತ್ತಲೋ, ಹೋಂವರ್ಕ್ ಮಾಡುತ್ತಲೋ, ಬಂದ ನೆಂಟರ ಚಾಪೆ ಹಾಸುತ್ತಲೋ ಇರುತ್ತಿದ್ದರು. ಬರೀ ಕೇಳೋದಕ್ಕೆ ಅಂತ ಕೂರೋರು ಯಾರು?

ಕೊನೆಗೆ ಒಂದು ಭಾನುವಾರ ಮಾವನೇ ಪಟ್ಟು ಹಿಡಿದು, ಎರಡೂ ಮಡಕೆಗಳನ್ನು ಹಾಲಿಗೆ ತಂದು, “ಕೂತ್ಕೊಳ್ಳಿ ಭಾವ” ಅಂತ ಅಪ್ಪನನ್ನು ನಡುವೆ ಕೂರಿಸಿ ಆ ಹಾಡು ಹಾಕಿದರು. ಅಪ್ಪ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. ಚೆನ್ನಾಗಿದೆ ಅಂದರು. ಆದರೆ ಅದು ಕೊಳಲಲ್ಲ, ಕ್ಲಾರಿನೆಟ್ ಅಂದರು.

ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದರು. “ಆಯ್ತಲ್ಲ, ಈಗ ನನ್ನ ಮಡಕೆ ಒಳಗೆ ತಂದಿಡೋ.”